ಅನ್‌ಫಿಟ್ ಆದವನ ಸತ್ಯ

ಕೇರಿಯ ಹುಡುಗನೊಬ್ಬ ಸಂಜೆ ಹೊತ್ತಿಗೆ ನಮ್ಮ ಜಗಲಿಗೆ ಬಂದ. ಕೈಯಲ್ಲಿ ದೊಡ್ಡದೊಂದು ಕಂದು ಲಕೋಟೆ. ನನ್ನ ಹತ್ತಿರವೇ ಏಳನೇ ಕ್ಲಾಸಿನ ತನಕ ಓದಿದವನು. ಈಗ ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ. ಕತಾರಿಗೆ ಹೋಗಬೇಕು ಅಂತ ಪಾಸ್‌ಪೋರ್ಟ್ ಮಾಡಿಸಿ, ಅವ್ವನ ಓಲೆ ಅಡವಿಟ್ಟು ಏಜೆಂಟನಿಗೆ ಮುಂಗಡ ಕೊಟ್ಟಾಗಿತ್ತು. ಲಕೋಟೆಯೊಳಗೆ ಅವನ ಎದೆಯ ಎಕ್ಸ್‌ರೇ, ಜೊತೆಗೊಂದು ಹಾಳೆ. ಹಾಳೆ ತುಂಬ ಇಂಗ್ಲಿಷು. ಅದರಲ್ಲಿ ಯಾರೂ ಅವನಿಗೆ ಓದಿ ಹೇಳಬೇಕಾಗಿಲ್ಲದ ಪದ ಒಂದೇ: ಅನ್‌ಫಿಟ್.

"ಮೇಷ್ಟ್ರೇ, ನಂಗೆ ಟೀಬಿ ಬಂದಿದ್ದು ದಿಟ. ಆರು ತಿಂಗ್ಳು ಒಂದಿನಾನೂ ಬಿಡದಂಗೆ ಮಾತ್ರೆ ನುಂಗಿವ್ನಿ. ವಾಸಿಯಾಗದೆ ಅಂತ ದೊಡ್ಡಾಸ್ಪತ್ರೆ ಡಾಕ್ಟ್ರೇ ಬರ್ಕೊಟ್ಟವ್ರೆ. ವಾಸಿಯಾದೋನ್ನ ಸೀಕಿನೋನು ಅಂತ ಹೆಂಗಂದ್ರು?"

ಆಮೇಲೆ ದನಿ ತಗ್ಗಿಸಿದ. ಏಜೆಂಟ ಇನ್ನೊಂದು ದಾರಿ ಹೇಳಿದ್ದಾನಂತೆ. ಇನ್ನಷ್ಟು ದುಡ್ಡು ಬಿಚ್ಚಿದರೆ ಇವನ ಹೆಸರಿನಲ್ಲಿ ಬೇರೊಬ್ಬ ಹೋಗಿ ಯಂತ್ರದ ಮುಂದೆ ಎದೆ ಕೊಟ್ಟು ಬರುತ್ತಾನೆ. "ಹಂಗ್ ಮಾಡುದ್ರೆ ತಪ್ಪಾ ಮೇಷ್ಟ್ರೇ?"

"ತಪ್ಪು ಕಣಪ್ಪ. ಸುಳ್ಳಿನ ದಾರಿ ಬೇಡ" ಅಂದುಬಿಟ್ಟೆ. ಮೂವತ್ತು ವರ್ಷ ಪಾಠ ಹೇಳಿದ ಬಾಯಿ, ಯೋಚನೆ ಮಾಡುವ ಮೊದಲೇ ಉತ್ತರ ಹೇಳುತ್ತದೆ. ಅವನು ಎದುರಾಡಲಿಲ್ಲ. ಲಕೋಟೆ ಮಡಿಚಿಕೊಂಡು ಹೋದ. ನಾನು ಆಡಿದ ಮಾತು ಮಾತ್ರ ನನ್ನ ಗಂಟಲಲ್ಲೇ ಉಳಿಯಿತು. ಸುಳ್ಳು ಬೇಡ ಅಂದೆನಲ್ಲ, ಸತ್ಯವನ್ನು ಅವನು ಯಾರಿಗೆ ಕೊಡಬೇಕಾಗಿತ್ತು? ಅದನ್ನು ಕೇಳುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಗೆಳೆಯರೇ, ಮೊದಲು ಆ ಹಾಳೆಯ ಹಿಂದಿರುವ ಕಾನೂನನ್ನು ನೋಡೋಣ. ಸೌದಿ, ಕುವೈತ್, ಕತಾರ್, ಬಹ್ರೇನ್, ಒಮಾನ್, ಯುಎಇ, ಈ ಆರು ದೇಶಗಳಿಗೆ ದುಡಿಯಲು ಹೋಗುವವನು ವಿಮಾನ ಹತ್ತುವ ಮುಂಚೆ ಅವರು ಒಪ್ಪಿದ ಕೇಂದ್ರದಲ್ಲೇ ಮೈ ತೋರಿಸಬೇಕು. ಹಿಂದೆ ಇದನ್ನು ಗಾಮ್ಕಾ ಮೆಡಿಕಲ್ ಅನ್ನುತ್ತಿದ್ದರು, ಈಗ ವಾಫಿದ್ ಅನ್ನುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಕುಷ್ಠ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಬಿಪಿ, ಕೆಟ್ಟ ಮೂತ್ರಪಿಂಡ ಇವೆಲ್ಲ ಪಟ್ಟಿಯಲ್ಲಿವೆ. ಹೆಣ್ಣುಮಕ್ಕಳಾದರೆ ಬಸುರೂ ಆ ಪಟ್ಟಿಯಲ್ಲಿದೆ. ಕ್ಷಯದ ವಿಷಯದಲ್ಲಿ ಈ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಈಗ ಕ್ಷಯ ಇರಬೇಕೆಂದೇನೂ ಇಲ್ಲ. ಯಾವತ್ತೋ ಬಂದುಹೋದದ್ದರ ಗುರುತು, ಶ್ವಾಸಕೋಶದಲ್ಲಿ ನಾರುಗಟ್ಟಿದ ಒಂದು ಸಣ್ಣ ಗೆರೆ, ಸುಣ್ಣಗಟ್ಟಿದ ಒಂದು ಚುಕ್ಕೆ ಕಂಡರೂ ಸಾಕು, ಅನ್‌ಫಿಟ್. ಕಫ ಪರೀಕ್ಷೆಯಲ್ಲಿ ಒಂದು ಕ್ರಿಮಿಯೂ ಸಿಗದಿದ್ದರೂ ಅನ್‌ಫಿಟ್. ಮಾತ್ರೆ ಮುಗಿಸಿದ ಚೀಟಿ ತೋರಿಸಿದರೂ ಅನ್‌ಫಿಟ್.

ಈ ಕಲೆ ಯಾರ ಎದೆಯಲ್ಲಿ ಇರುತ್ತದೆ? ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಅದರಲ್ಲೂ ಕಿಟಕಿಯಿಲ್ಲದ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಮನೆ, ಅರೆಹೊಟ್ಟೆ, ಒಲೆಯ ಹೊಗೆ, ಕಲ್ಲಿನ ಧೂಳು ಇದ್ದಲ್ಲಿ ಕ್ಷಯಕ್ಕೆ ದಾರಿ ಸಲೀಸು. ಆ ಕಲೆ ಅವನು ಎಲ್ಲಿ ಹುಟ್ಟಿದ, ಏನು ಉಂಡ, ಯಾರ ಪಕ್ಕ ಮಲಗಿದ ಅನ್ನುವುದರ ದಾಖಲೆ. ರೋಗ ಹೋದ ಮೇಲೂ ವಿಳಾಸ ಹೋಗುವುದಿಲ್ಲ. ತೊಳೆದರೂ ಹೋಗದ ಮೈಲಿಗೆ ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಯ ರಿಜಿಸ್ಟರಿನಲ್ಲಿ, ಹೋಟೆಲಿನ ಬೇರೆ ಲೋಟದಲ್ಲಿ ಅದನ್ನು ಕಂಡವರು ನಾವು. ಈಗ ಯಂತ್ರ ಅದನ್ನು ಪಕ್ಕೆಲುಬಿನ ನಡುವೆ ಹುಡುಕುತ್ತಿದೆ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಗೊತ್ತು. ಆ ಅಧಿಕಾರಿಗಳಿಗೆ ಇವನ ಜಾತಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೆ ಮನುಷ್ಯ ಬದಲಾದರೂ ಗುರುತು ಬದಲಾಗದು ಅನ್ನುವ ತರ್ಕ ಇದೆಯಲ್ಲ, ಅದು ಒಂದೇ.

ಬಡವ ಸತ್ಯ ಹೇಳಲಿ ಅಂತಾರಲ್ಲ, ಹೇಳಿದಾಗ ಏನಾಯಿತು? ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. ಬ್ಯಾನರ್ಜಿ ಮತ್ತು ಆಂಡರ್ಸನ್ ಅನ್ನುವವರು 1963ರಲ್ಲಿ ಅದನ್ನು ಪ್ರಕಟಿಸಿದರು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ರೋಗ ಬಂದರೂ ಆಸ್ಪತ್ರೆಗೆ ಬರೋದಿಲ್ಲ ಅನ್ನುವುದು ಓದಿದವರ ಮಾತಾಗಿತ್ತು. ಅಲ್ಲಿ ಕಂಡದ್ದೇ ಬೇರೆ. ರೋಗಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಆಗಲೇ ಸರ್ಕಾರಿ ದವಾಖಾನೆಗೆ ಹೋಗಿ ಕೆಮ್ಮು ಅಂತ ಹೇಳಿಕೊಂಡಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟ್ಲಿ. ಸತ್ಯ ಹೇಳಿದರು, ಕೇಳುವ ಕಿವಿ ಇರಲಿಲ್ಲ. ಕೇಳಿದ್ದರೆ ಎಷ್ಟೋ ಎದೆಗಳಲ್ಲಿ ಕಲೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಇನ್ನೊಂದು ಸಂಗತಿ. ಕ್ಷಯ ಬಂದವರನ್ನು ಊರಾಚೆ, ಬೆಟ್ಟದ ಮೇಲೆ, ಸ್ಯಾನಟೋರಿಯಂಗಳಲ್ಲಿ ಇಡಬೇಕು ಅನ್ನುವುದು ಹಿಂದಿನ ವೈದ್ಯಶಾಸ್ತ್ರ. 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ಶುರುವಾಯಿತು. ನಗರದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿ ಹಾಸಿಗೆ, ಒಳ್ಳೆ ಊಟ, ವಿಶ್ರಾಂತಿ ಎಲ್ಲಾ ಕೊಟ್ಟರು. ಉಳಿದವರನ್ನು ಅವರವರ ಇಕ್ಕಟ್ಟಿನ ಮನೆಯಲ್ಲೇ ಬಿಟ್ಟು ಮಾತ್ರೆ ಮಾತ್ರ ಕೊಟ್ಟರು. 1959ರಲ್ಲಿ ಫಲಿತಾಂಶ ಬಂದಾಗ ದೊಡ್ಡ ದೊಡ್ಡ ವೈದ್ಯರೇ ಬೆಕ್ಕಸ ಬೆರಗಾದರು. ಮನೆಯವರೂ ಸ್ಯಾನಟೋರಿಯಂನವರಷ್ಟೇ ಚೆನ್ನಾಗಿ ವಾಸಿಯಾಗಿದ್ದರು. ಅವರ ಹೆಂಡತಿ ಮಕ್ಕಳಿಗೆ ಅದರಿಂದ ಹೆಚ್ಚು ರೋಗವೂ ಹಬ್ಬಿರಲಿಲ್ಲ. ಮಾತ್ರೆ ಸರಿಯಾಗಿ ಬಿದ್ದರೆ ರೋಗಿಯನ್ನು ಊರಾಚೆ ಇಡಬೇಕಾಗಿಲ್ಲ ಅಂತ ಲೋಕಕ್ಕೆ ತೋರಿಸಿಕೊಟ್ಟದ್ದು ಮದರಾಸಿನ ಬಡವರ ಮೈ. ದೇಶ ದೇಶಗಳಲ್ಲಿ ಸ್ಯಾನಟೋರಿಯಂಗಳು ಖಾಲಿಯಾದವು. ಆ ಜ್ಞಾನ ಕೊಟ್ಟವರ ಮೊಮ್ಮಕ್ಕಳ ಎದೆಯ ಗೆರೆಯನ್ನು ಮಾತ್ರ ಇವತ್ತಿಗೂ ಆಚೆ ನಿಲ್ಲಿಸುತ್ತಾರೆ.

ಹಾಗಾದರೆ ಮುಚ್ಚಿಡುವುದು ತಪ್ಪೋ ಸರಿಯೋ? ಇಲ್ಲಿ ನನಗೆ ಬಾಬಾಸಾಹೇಬರ ನೆನಪಾಗುತ್ತದೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರದೊಂದು ಸಣ್ಣ ಬರಹವಿದೆ. ಹೆಸರು ಗಮನಿಸಿ, ವೀಸಾಕ್ಕಾಗಿ ಕಾಯುವುದು! ಸ್ವಂತ ದೇಶದೊಳಗೇ ಪರವಾನಗಿಗೆ ಕಾದವನ ಅನುಭವ. ಅಮೆರಿಕದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದಲ್ಲಿ ನೌಕರಿಗೆ ಸೇರಿದಾಗ ತಲೆಯ ಮೇಲೊಂದು ಸೂರು ಸಿಗಲಿಲ್ಲ. ಪಾರ್ಸಿಗಳ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪೊಂದು ಮೆಟ್ಟಿಲು ಹತ್ತಿ ಬಂತು. ಸಂಜೆಯೊಳಗೆ ಖಾಲಿ ಮಾಡು ಅಂದರು. ಬಾಬಾಸಾಹೇಬರು ಊರಿನ ಉದ್ಯಾನದಲ್ಲಿ ಕೂತು ಕಣ್ಣೀರು ಹಾಕಿ ಮುಂಬೈಗೆ ರೈಲು ಹತ್ತಿದರು.

ಅವರು ಬರೆಸಿದ ಹೆಸರು ಸುಳ್ಳು. ಅದರಿಂದ ಯಾರಿಗೆ ಏನು ಕೇಡಾಯಿತು? ಆ ಸುಳ್ಳನ್ನು ಹುಟ್ಟಿಸಿದ್ದು ರಿಜಿಸ್ಟರಿನ ಪ್ರಶ್ನೆ. ಅದನ್ನು ನೆನೆದಾಗ ನಾಚಿಕೆ ಬಂದರೆ ನನಗೆ ಬರುವುದು ಆ ಊರಿನ ಬಗ್ಗೆ.

ಆದರೆ ಇಷ್ಟಕ್ಕೇ ಮಾತು ಮುಗಿಸಿದರೆ ನಾನು ಮೋಸ ಮಾಡಿದಂತೆ. ಜಾತಿ ಅಂಟುವುದಿಲ್ಲ, ಕ್ಷಯ ಅಂಟುತ್ತದೆ. ಗಲ್ಫಿನ ಲೇಬರ್ ಕ್ಯಾಂಪಿನಲ್ಲಿ ಮಂಚದ ಮೇಲೆ ಮಂಚ ಹಾಕಿ ಒಂದೇ ಕೋಣೆಯಲ್ಲಿ ಹತ್ತಾರು ಜನ ಮಲಗುತ್ತಾರೆ. ಎಸಿ ಹಾಕಿ ಕಿಟಕಿ ಮುಚ್ಚಿರುತ್ತಾರೆ. ಕ್ರಿಮಿ ಇರುವ ಎದೆಯನ್ನು ಮುಚ್ಚಿಟ್ಟುಕೊಂಡು ಒಬ್ಬ ಅಲ್ಲಿಗೆ ಹೋದರೆ ಮೊದಲು ಕೆಮ್ಮುವವನು ಶೇಖ ಅಲ್ಲ. ಪಕ್ಕದ ಮಂಚದ ಬಿಹಾರಿ, ನೇಪಾಳಿ, ಬಾಂಗ್ಲಾದವನು. ಅವನಿಗೂ ಅಡವಿಟ್ಟ ಓಲೆ ಇರುತ್ತದೆ, ಅವ್ವ ಇರುತ್ತಾಳೆ. ಆ ಪಕ್ಕದ ಮಂಚದವನಿಗೆ ನಾವು ಸತ್ಯದ ಸಾಲಗಾರರು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಸಕ್ಕರೆ ಕಾಯಿಲೆಯವನಿಗೆ, ವಾಸಿಯಾದ ಕ್ಷಯದವನಿಗೆ ಆ ಸಾಲವಿಲ್ಲ. ಅವರ ಮೈಯಿಂದ ಪಕ್ಕದ ಮಂಚಕ್ಕೆ ಹರಿದು ಹೋಗುವುದು ಏನೂ ಇಲ್ಲ. ಅವರನ್ನು ಕೇಳುವ ಪ್ರಶ್ನೆ ಸಂತೆಯಲ್ಲಿ ದನದ ಹಲ್ಲು ಬಿಡಿಸಿ ನೋಡುವವನ ಪ್ರಶ್ನೆ.

ಎರಡನ್ನೂ ಬೇರೆ ಮಾಡಿ ನೋಡುವುದು ಆಗದ ಕೆಲಸವೂ ಅಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಬ್ರಿಟನ್ನಿಗೆ ಹೋಗುವ ಭಾರತೀಯರ ಎದೆಯನ್ನು ಅವರೂ ನೋಡುತ್ತಾರೆ. ನೋಡುವುದು ಈಗ ರೋಗವಿದೆಯಾ ಅಂತ. ಇದ್ದರೆ ಔಷಧಿ ಮುಗಿಸಿ ಬಾ ಅನ್ನುತ್ತಾರೆ. ಅವರನ್ನು ನಾನು ಹೊಗಳುತ್ತಿಲ್ಲ. 1979ರಲ್ಲಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಕನ್ಯತ್ವ ಪರೀಕ್ಷೆ ಮಾಡಿದ ಸರ್ಕಾರ ಅದು. ಗಲ್ಫಿನ ಆರರಲ್ಲಿ ಒಂದಾದ ಯುಎಇ ಕೂಡ 2016ರಲ್ಲಿ ಸ್ವಲ್ಪ ಬಾಗಿತು. ಅಲ್ಲೇ ದುಡಿಯುತ್ತಿರುವವನ ವೀಸಾ ನವೀಕರಣದ ವೇಳೆ ಕ್ಷಯವೋ ಹಳೆಯ ಕಲೆಯೋ ಕಂಡರೆ ಓಡಿಸದೆ, ಚಿಕಿತ್ಸೆಯ ಷರತ್ತಿನ ಮೇಲೆ ಒಂದು ವರ್ಷ ಇರಗೊಟ್ಟಿತು. ಹೊಸದಾಗಿ ಹೊರಟವನಿಗೆ ಆ ಕರುಣೆ ಇಲ್ಲ. ಹೋಗುವ ಮುಂಚೆ ಅವನು ಬರೀ ಸರಕು. ಅಲ್ಲಿದ್ದವನು ಆಗಲೇ ಕೆಲಸ ಕಲಿತ ಆಳು.

ಗಡಿಯ ಡಾಕ್ಟರಿಗೆ ಒಂದು ಚರಿತ್ರೆಯಿದೆ. 1891ರ ಅಮೆರಿಕದ ವಲಸೆ ಕಾನೂನು ಒಳಗೆ ಬಿಡಬಾರದವರನ್ನು ಹೆಸರಿಸುವಾಗ ಅಸಹ್ಯ ಹುಟ್ಟಿಸುವ ಅಥವಾ ಅಪಾಯಕರ ಅಂಟುರೋಗದವರು ಅಂತ ಬರೆಯಿತು. ಅಪಾಯ ಸರಿ, ಅಳೆಯಬಹುದು. ಅಸಹ್ಯವನ್ನು ಯಾವ ಯಂತ್ರ ಅಳೆಯುತ್ತದೆ? 1910ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿಯ ಏಂಜಲ್ ದ್ವೀಪದಲ್ಲಿ ತಪಾಸಣಾ ಠಾಣೆ ತೆರೆದಾಗ ಭಾರತದ ಕೂಲಿಗಳನ್ನು ತಡೆಯಲು ಸಿಕ್ಕ ನೆಪಗಳಲ್ಲೊಂದು ಕೊಕ್ಕೆಹುಳು. ಬರಿಗಾಲಲ್ಲಿ ಮಣ್ಣು ತುಳಿಯುವವರ ಕಾಲಿನಿಂದ ಮೈಸೇರುವ ಹುಳು ಅದು. ಔಷಧಿ ಕೊಟ್ಟರೆ ಹೋಗುತ್ತದೆ. ಮೆಟ್ಟು ಮೆಟ್ಟಿಕೊಂಡು ಊರೊಳಗೆ ನಡೆಯಬಾರದು ಅಂತ ನಮ್ಮ ತಾತಂದಿರನ್ನು ತಡೆದ ಬೀದಿಗಳು ಈ ನಾಡಿನಲ್ಲೂ ಇದ್ದವು. ಬರಿಗಾಲಲ್ಲಿ ನಡೆಸಿದವರು ಒಬ್ಬರು, ಬರಿಗಾಲಿನ ರೋಗಕ್ಕೆ ಬಾಗಿಲು ಹಾಕಿದವರು ಇನ್ನೊಬ್ಬರು. ಎಚ್‌ಐವಿ ಇದ್ದವರನ್ನೂ ಅದೇ ಅಮೆರಿಕ 1987ರಿಂದ ಹೊರಗಿಟ್ಟಿತ್ತು. ಆ ಬಾಗಿಲು ತೆರೆದದ್ದು 2010ರ ಜನವರಿಯಲ್ಲಿ.

ಈಗ ಅಂಟು ಇಲ್ಲದ ರೋಗಕ್ಕೂ ತಕ್ಕಡಿ ಬಂದಿದೆ. ಆಸ್ಟ್ರೇಲಿಯದವರು ವಲಸೆ ಬರುವವನ ಕಾಯಿಲೆಗೆ ಮುಂದೆ ತಮಗೆ ಎಷ್ಟು ಖರ್ಚಾದೀತು ಅಂತ ಲೆಕ್ಕ ಹಾಕುತ್ತಾರೆ. ಮಿತಿ ದಾಟಿದರೆ ಹೆಚ್ಚಿನ ವೀಸಾಗಳಲ್ಲಿ ಬಾಗಿಲು ಮುಚ್ಚುತ್ತದೆ. 2024ರ ಜುಲೈನಲ್ಲಿ ಆ ಮಿತಿಯನ್ನು 51,000 ಡಾಲರಿನಿಂದ 86,000ಕ್ಕೆ ಏರಿಸಿದರು. ಅಲ್ಲಿ ತೂಗಿಸಿಕೊಳ್ಳಲು ಸಾಲಿನಲ್ಲಿ ನಿಂತವರಲ್ಲಿ ಬೆಂಗಳೂರಿನ ಇಂಜಿನಿಯರುಗಳೂ ಇದ್ದಾರೆ, ಅಂಗವಿಕಲ ಕೂಸನ್ನು ಎತ್ತಿಕೊಂಡ ತಾಯಂದಿರೂ ಇದ್ದಾರೆ. ಎಂದೂ ಹೊರಗೆ ನಿಂತು ಗೊತ್ತಿಲ್ಲದವರು ಈಗ ನಿಂತರಲ್ಲ ಅಂತ ನಮ್ಮಲ್ಲಿ ಕೆಲವರು ನಕ್ಕಾರು. ನಗಬಾರದು. ಒಂದು ಮಗುವಿನ ಬೆಲೆ ಇಷ್ಟು ಡಾಲರು ನಷ್ಟ ಅಂತ ಬರೆದ ಹಾಳೆ ಯಾರ ಕೈಯಲ್ಲಿದ್ದರೂ ಅವಮಾನವೇ.

ಮತ್ತೆ ನಮ್ಮ ಹುಡುಗನ ಮಾತಿಗೆ ಬರುತ್ತೇನೆ. ಏಜೆಂಟ ಹೇಳಿದ ದಾರಿ ಬೇಡ ಅಂತ ಇವತ್ತೂ ಅನ್ನುತ್ತೇನೆ, ಆದರೆ ಕಾರಣ ಬೇರೆ. ಅವನ ಸುಳ್ಳು ಪಾಪ ಅಂತಲ್ಲ. ಆ ಸುಳ್ಳನ್ನು ಏಜೆಂಟ ಮಾರುತ್ತಾನೆ, ಇವನು ಬಡ್ಡಿಗೆ ತಂದ ದುಡ್ಡಲ್ಲಿ ಕೊಳ್ಳುತ್ತಾನೆ. ಕತಾರಿನಲ್ಲಿ ಇಳಿದ ಮೇಲೆ ಇನ್ನೊಂದು ಸಲ ಎಕ್ಸ್‌ರೇ ಇದ್ದೇ ಇದೆ. ಅಲ್ಲಿ ಇವನದೇ ಎದೆ ನಿಲ್ಲಬೇಕು. ಸಿಕ್ಕಿಬಿದ್ದು ವಾಪಸ್ ಬಂದರೆ ಸಾಲ ಇವನ ತಲೆಗೆ, ಲಾಭ ಏಜೆಂಟನ ಜೇಬಿಗೆ. ಇನ್ನೂ ಒಂದು ಮಾತಿದೆ. ಹಣಕ್ಕೆ ಎದೆ ಕೊಡುವ ಆ ಬದಲಿ ಮನುಷ್ಯ ವಾಸಿಯಾದವನ ಹೆಸರಲ್ಲೂ ನಿಲ್ಲುತ್ತಾನೆ, ಕ್ರಿಮಿ ಇರುವವನ ಹೆಸರಲ್ಲೂ ನಿಲ್ಲುತ್ತಾನೆ. ಪಕ್ಕದ ಮಂಚದವನ ಲೆಕ್ಕ ಆ ಅಂಗಡಿಯಲ್ಲಿ ಇಲ್ಲ.

ಇದನ್ನು ಹೇಳೋಣ ಅಂತ ಒಂದು ವಾರದ ಮೇಲೆ ಅವನ ಮನೆಗೆ ಹೋದೆ. ತಪ್ಪು ನಿಂದಲ್ಲ ಕಣಪ್ಪ, ಅವತ್ತು ನಾನು ಅರ್ಧ ಉತ್ತರ ಹೇಳಿದ್ದೆ ಅನ್ನಬೇಕಿತ್ತು. ಅವನ ಅವ್ವ ಹೊಸ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕಿವಿ ಬರಿದಾಗಿತ್ತು.

"ಬೆಂಗ್ಳೂರ್ಗೆ ಹೋದ ಕನಪ್ಪ. ಅದೇನೋ ಗ್ರಾನೈಟ್ ಕುಯ್ಯೋ ಫ್ಯಾಕ್ಟರಿಯಂತೆ."

"ಎದೆ ಫೋಟೋ ಏನಾರ ಕೇಳುದ್ರಂತಾ?"

"ಇಲ್ವಂತೆ. ಅವತ್ತೇ ಕೆಲ್ಸಕ್ಕೆ ನಿಂತ್ಕಂಡನಂತೆ. ಧೂಳು ವಸಿ ಜಾಸ್ತಿ, ಮೂತಿಗೆ ಟವಲ್ ಕಟ್ಕಂಡಿವ್ನಿ ಅಂದ ಫೋನಲ್ಲಿ."