ದೋಣಿ ಎಷ್ಟು ದೊಡ್ಡದಿರಬೇಕು?

ದೋಣಿ ಕೊಳ್ಳಹೊರಟವನು ಕೇಳುವ ಮೊದಲ ಪ್ರಶ್ನೆ 'ಎಷ್ಟು ಉದ್ದ?' ಎಂಬುದು. ಎರಡನೆಯದು 'ಎಷ್ಟು ಬೆಲೆ?' ಈ ಎರಡಕ್ಕೂ ಮಾರುವವನ ಬಳಿ ಉತ್ತರವಿರುತ್ತದೆ. ಮೂರನೆಯದೊಂದಿದೆ, ಅದನ್ನು ಕೇಳುವವರು ಕಡಿಮೆ: ಇದನ್ನು ಕೊಂಡ ಮೇಲೆ, ಒಂದು ಬೆಳಿಗ್ಗೆ ಕಡಲನ್ನು ಕಂಡು 'ಇವತ್ತು ಬೇಡ' ಎನ್ನಲು ನನಗೆ ಸಾಧ್ಯವಾದೀತೇ? ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳಿಗೆ ದೋಣಿಯ ಉಸಾಬರಿ ಏಕೆ ಎಂದು ಓದುಗರು ಹುಬ್ಬೇರಿಸಬಹುದು. ಕುಂದಾಪುರದ ಕಡೆ ಹುಟ್ಟಿ ಬೆಳೆದವರಿಗೆ ದೋಣಿಯ ಮಾತು ಊಟದ ಬಟ್ಟಲಿನವರೆಗೂ ಬರುತ್ತದೆ. ಈಚೆಗಂತೂ ಅದು ನಮ್ಮ ಮನೆಯ ಒಳಗೇ ಬಂದಿತು.

ನನ್ನ ಅಕ್ಕನ ಮಗ ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿ ದುಡಿದು ಊರಿಗೆ ಮರಳಿದ್ದಾನೆ. ಅವನಿಗೊಂದು ದೋಣಿ ಬೇಕು. ಹೊಟ್ಟೆಪಾಡಿಗಲ್ಲ, ಗಾಳ ಹಾಕುವ ಹುಚ್ಚು. ಮನೆ ಇರುವುದು ಪೇಟೆಯಲ್ಲಿ, ಕಡಲ ದಂಡೆಯಲ್ಲಿ ಅಂಗೈಯಗಲ ಜಾಗವಿಲ್ಲ. ಆದ್ದರಿಂದ ಜೀಪಿನ ಹಿಂದೆ ಟ್ರೈಲರಿಗೆ ಕಟ್ಟಿ ತಂದು ನೀರಿಗಿಳಿಸಿ, ಸಂಜೆ ಮತ್ತೆ ಅಂಗಳಕ್ಕೆ ಒಯ್ಯುವಂಥದ್ದಾಗಬೇಕು. ಅವನೆದುರು ಎರಡು ಆಯ್ಕೆಗಳಿದ್ದವು. ಕೈಯಲ್ಲಿದ್ದ ಹಣಕ್ಕೆ ಬರುವ ಹದಿನಾರು ಅಡಿಯ ಫೈಬರ್ ದೋಣಿ ಒಂದು. ಬ್ಯಾಂಕಿನವರು ಸಾಲ ಕೊಡಲು ಸಿದ್ಧರಿದ್ದ ಇಪ್ಪತ್ತಾರು ಅಡಿಯದು ಇನ್ನೊಂದು. ಅದನ್ನು ಬಂದರಿನಲ್ಲೇ ಕಟ್ಟಿಹಾಕಬೇಕು. ಮನೆಯವರೆಲ್ಲ ದೊಡ್ಡದರ ಪರ. 'ಕಡಲು ಅಂದ್ರೆ ಆಟವಾ? ದೊಡ್ಡದಿದ್ದರೆ ಧೈರ್ಯ' ಎಂದು ಅಕ್ಕನ ವಾದ. ಅವಳ ಭಯ ನನಗೆ ಅರ್ಥವಾಗುತ್ತದೆ. ದಡದಲ್ಲಿ ಕಾಯುವವಳು ಅವಳೇ ತಾನೆ?

ಚಿಕ್ಕ ದೋಣಿಯ ಕಷ್ಟವೆಂದರೆ ಅದರಲ್ಲಿ ಒಂದು ಗುಣವನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕು. ಚಪ್ಪಟೆ ತಳದ್ದು ಹಗುರ, ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಟ್ರೈಲರಿನಿಂದ ಸರಕ್ಕನೆ ಜಾರುತ್ತದೆ. ಅಲೆ ಎದ್ದಾಗ ಮಾತ್ರ ಅದೇ ತಳ ನೀರನ್ನು ಕಪಾಳಕ್ಕೆ ಹೊಡೆದಂತೆ ಹೊಡೆಯುತ್ತದೆ, ಕೂತವನ ಬೆನ್ನುಮೂಳೆಗೆ ಲೆಕ್ಕ ಸಿಗುತ್ತದೆ. ನಡುವೆ ಚೂಪಾಗಿ ಇಳಿದ ತಳದ್ದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಅದಕ್ಕೆ ಭಾರ ಹೆಚ್ಚು, ಆಳವೂ ಹೆಚ್ಚು ಬೇಕು, ಇಳಿಸುವಾಗ ಟ್ರೈಲರಿನ ಗಾಲಿಯನ್ನೂ ಉಪ್ಪುನೀರಿಗೆ ನೂಕಬೇಕು. ದೋಣಿಯ ಅಂಚು ನೀರಿನಿಂದ ಎಷ್ಟು ಎತ್ತರವಿದೆ ಎಂಬುದು ಮುಖ್ಯ, ಆದರೆ ಎತ್ತರ ಹೆಚ್ಚಿದಷ್ಟೂ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಹಿಂಬದಿಗೆ ಭಾರದ ಎಂಜಿನ್ ತೂಗುಹಾಕಿದರೆ ಹಿಂದಿನ ಅಂಚು ತಗ್ಗಿ ಅಲೆಗೆ ಬಾಗಿಲು ತೆರೆದಂತಾಗುತ್ತದೆ. ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಗುಣ ಹೊರಗೆ ಕಾಣದ್ದು: ಆಸನದ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ ತುಂಬಿದ ಫೋಮ್. ದೋಣಿಯ ತುಂಬ ನೀರಾದರೂ ಅದು ಮುಳುಗದೆ, ಹಿಡಿದುಕೊಳ್ಳಲು ಏನಾದರೊಂದು ಉಳಿಯುತ್ತದೆ. ತೋರಿಕೆಗೆ ಬಾರದ ಗುಣಕ್ಕೆ ಹಣ ಕೊಡುವವರು ದೋಣಿಯಲ್ಲೂ ಕಡಿಮೆ, ಮದುವೆಯಲ್ಲೂ ಕಡಿಮೆ.

ಇವೆಲ್ಲದರ ನಿಜವಾದ ಪರೀಕ್ಷೆ ನಡೆಯುವುದು ನಡುಗಡಲಿನಲ್ಲಲ್ಲ, ಅಳಿವೆಯಲ್ಲಿ. ಗಂಗೊಳ್ಳಿಯ ಬಳಿ ಐದು ಹೊಳೆಗಳು ಕೂಡಿ ಕಡಲು ಸೇರುತ್ತವೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ರಭಸದಿಂದ ಹೊರಕ್ಕೆ ನುಗ್ಗುತ್ತಿರುವಾಗ ಕಡಲಿನ ಅಲೆ ಒಳಕ್ಕೆ ಬಂದರೆ, ಎರಡೂ ಡಿಕ್ಕಿಯಾಗಿ ಅಲೆ ಗೋಡೆಯಂತೆ ನೆಟ್ಟಗೆ ಎದ್ದು ಮುರಿಯುತ್ತದೆ. ಬೆಳಿಗ್ಗೆ ಕನ್ನಡಿಯಂತಿದ್ದ ಅದೇ ಜಾಗವನ್ನು, ಮಧ್ಯಾಹ್ನದ ಗಾಳಿ ಎದ್ದ ಮೇಲೆ ಮರಳಿ ದಾಟಬೇಕು. ನಮ್ಮ ಮನೆಗೆ ಮೀನು ಕೊಡುತ್ತಿದ್ದ ಒಬ್ಬ ಹಿರಿಯರು ನನ್ನ ಅಕ್ಕನ ಮಗನ ಮಾತೆಲ್ಲ ಕೇಳಿ, ನನ್ನ ಕಡೆ ತಿರುಗಿ ಹೇಳಿದರು: 'ದೋಣಿ ಹೋಪುದ್ ಕಾಂಬುದಲ್ಲ ಟೀಚರೆ, ತಿರ್ಗಿ ಬಪ್ಪುದ್ ಕಾಣ್ಕ್.'

ಈ ಮಾತು ಕೇಳಿದಾಗ ನನಗೆ ನೆನಪಾದವನು ವಿಲಿಯಂ ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ. ಅವನು 1877ರಲ್ಲಿ, ನಂಬಿಕೆಯ ನೀತಿಯನ್ನು ಕುರಿತ ಒಂದು ಪ್ರಬಂಧವನ್ನು ಹಡಗಿನ ಮಾಲೀಕನೊಬ್ಬನ ಕಥೆಯಿಂದ ಆರಂಭಿಸಿದ. ಹಡಗು ಹಳೆಯದು, ವಲಸೆ ಹೊರಟ ಕುಟುಂಬಗಳು ಅದರಲ್ಲಿ ಹತ್ತಲಿವೆ. ಮಾಲೀಕನಿಗೆ ಒಳಗೊಳಗೇ ಸಂಶಯ. ರಿಪೇರಿ ಮಾಡಿಸಿದರೆ ಖರ್ಚು ಬಹಳ. ಇಷ್ಟು ಯಾನ ಮುಗಿಸಿದ ಹಡಗು ಇದೊಂದನ್ನು ಮುಗಿಸದೇ ಹೋದೀತೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕೊನೆಗೆ ಪ್ರಾಮಾಣಿಕವಾಗಿಯೇ ನಂಬಿ ಅದನ್ನು ಕಳಿಸಿಕೊಡುತ್ತಾನೆ. ಹಡಗು ಮುಳುಗುತ್ತದೆ, ಅವನಿಗೆ ವಿಮೆಯ ಹಣ ಬರುತ್ತದೆ. ಕ್ಲಿಫರ್ಡ್ ಅಲ್ಲಿಗೆ ನಿಲ್ಲುವುದಿಲ್ಲ. ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಆ ಮನುಷ್ಯ ಅಷ್ಟೇ ತಪ್ಪಿತಸ್ಥ ಎನ್ನುತ್ತಾನೆ. ಅದು ಬರಿಯ ಕಲ್ಪನೆಯಾಗಿರಲಿಲ್ಲ. ಅದರ ಹಿಂದಿನ ವರ್ಷ, 1876ರಲ್ಲಿ, ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯನ ಹೋರಾಟದ ಫಲವಾಗಿ ಬ್ರಿಟಿಷ್ ಹಡಗುಗಳ ಪಕ್ಕಕ್ಕೆ ಭಾರದ ಮಿತಿ ತೋರಿಸುವ ಗೆರೆ ಬಳಿಯುವುದು ಕಡ್ಡಾಯವಾಗಿತ್ತು.

ನಮ್ಮ ಹದಿನಾರು ಅಡಿಯ ದೋಣಿಯಲ್ಲಿ ಮಾಲೀಕನೂ ಪ್ರಯಾಣಿಕನೂ ಒಬ್ಬನೇ. ಮುಳುಗಿದರೆ ಅವನದೇ ಜೀವ, ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು ಎನ್ನಬಹುದು. ನಾನು ಒಪ್ಪಲಾರೆ. ಸಂಜೆಯಾದರೂ ಬಾರದವನನ್ನು ಹುಡುಕಲು ಅದೇ ಕೆಟ್ಟ ಕಡಲಿಗೆ ಇನ್ನೊಬ್ಬರು ಇಳಿಯಬೇಕಾಗುತ್ತದೆ. ನಮ್ಮ ಕಡೆಯ ಮೀನುಗಾರರು 'ಅವನು ನಮ್ಮವನಲ್ಲ, ಶೋಕಿಗೆ ಹೋದವನು' ಎಂದು ದಡದಲ್ಲಿ ಕೂರುವ ಜನರಲ್ಲ.

ಕ್ಲಿಫರ್ಡನ ಕಥೆಯಲ್ಲಿ ನನ್ನನ್ನು ಕಾಡುವುದು ಹಡಗಿನ ಹಳೆಯ ಹಲಗೆಯಲ್ಲ, ರಿಪೇರಿಯ ಖರ್ಚು. ಮಾಲೀಕನ ನಂಬಿಕೆ ಹುಟ್ಟಿದ್ದು ಅಲ್ಲಿ. ತಿಂಗಳ ಕಂತು ಕಟ್ಟಬೇಕಾದವನು ಬೆಳಗಿನ ಜಾವ ಮೋಡವನ್ನು ನೋಡುವಾಗ ಅವನ ಕಣ್ಣಿನ ಹಿಂದೆ ಬ್ಯಾಂಕಿನ ಪಾಸ್‌ಪುಸ್ತಕವೂ ನೋಡುತ್ತಿರುತ್ತದೆ. ಅವನು ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ 'ಅಷ್ಟೇನಿಲ್ಲ' ಎಂದೇ ಅವನಿಗೆ ಕಾಣುತ್ತದೆ. ಆದ್ದರಿಂದ ನನ್ನ ಮಟ್ಟಿಗೆ, ದೋಣಿ ಕಡಲಿಗೆ ಯೋಗ್ಯವೇ ಎಂಬ ಲೆಕ್ಕದಲ್ಲಿ ಅದರ ತಳ, ಅಂಚು, ಫೋಮುಗಳ ಜೊತೆಗೆ ಅದರ ಸಾಲವನ್ನೂ ಸೇರಿಸಬೇಕು. ಟ್ರೈಲರಿನ ಮೇಲೆ ಕೂತು ಮನೆಗೆ ಹಿಂತಿರುಗಬಲ್ಲ, ಪೂರ್ತಿ ಹಣ ತೆತ್ತ ಚಿಕ್ಕ ದೋಣಿ ತನ್ನ ಯಜಮಾನನಿಗೆ ಆಕಾಶವನ್ನು ಇದ್ದಂತೆ ನೋಡಲು ಬಿಡುತ್ತದೆ.

ದೊಡ್ಡದಾದ ಮಾತ್ರಕ್ಕೆ ಕಡಲು ಮರ್ಯಾದೆ ಕೊಡುತ್ತದೆಂಬ ಭರವಸೆ ನಮ್ಮ ಕರಾವಳಿಗೆ ಉಳಿದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಆಳಸಮುದ್ರದ ಬೋಟು. ಅದರಲ್ಲಿದ್ದ ಏಳು ಮಂದಿ ಮರಳಲಿಲ್ಲ. ನೌಕಾಪಡೆಗೆ ಅದರ ಅವಶೇಷ ಮಹಾರಾಷ್ಟ್ರದ ಕರಾವಳಿಯಾಚೆ ಸಿಕ್ಕಿದ್ದು 2019ರಲ್ಲಿ. ಹಾಗೆಂದು ಚಿಕ್ಕದರಲ್ಲಿ ಹೆಚ್ಚು ಕ್ಷೇಮವಿದೆ ಎಂದೂ ನಾನು ಹೇಳುತ್ತಿಲ್ಲ. ನಮ್ಮ ಕಾನೂನಿನಲ್ಲೇ ಒಂದು ವಿಚಿತ್ರವಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ನಿನ ನಾಡದೋಣಿಗೆ ವಿನಾಯಿತಿ. ಮೀನಿನ ಸಂತಾನಕ್ಕೂ ಬಡವನ ಹೊಟ್ಟೆಗೂ ಅದು ಸರಿಯೇ. ಆದರೆ ಕಡಲು ಅತಿ ಹೆಚ್ಚು ಮುನಿದ ತಿಂಗಳುಗಳಲ್ಲಿ ಅದರೆದುರು ನಿಲ್ಲಲು ಅನುಮತಿ ಇರುವುದು ಅತಿ ಚಿಕ್ಕ ದೋಣಿಗೆ. ಅಲ್ಲಿ 'ಬೇಡ' ಎನ್ನಬೇಕಾದವನು ದೋಣಿಯವನೇ.

ಅಕ್ಕನ ಮಗ ಕೊನೆಗೆ ಹದಿನಾರು ಅಡಿಯದನ್ನೇ ಕೊಂಡ. ಅಕ್ಕ ನನ್ನೊಡನೆ ಒಂದು ವಾರ ಮಾತು ಬಿಟ್ಟಿದ್ದಳು, ಈಗ ಸರಿಯಾಗಿದ್ದಾಳೆ. ದೋಣಿ ಬಂದ ಮೊದಲ ಎರಡು ಭಾನುವಾರ ಅವನು ಟ್ರೈಲರನ್ನು ಹೊಳೆಯ ದಡದವರೆಗೆ ಎಳೆದುಕೊಂಡು ಹೋಗಿ, ಅಳಿವೆಯನ್ನು ಹತ್ತು ನಿಮಿಷ ನೋಡಿ, ಹಾಗೆಯೇ ವಾಪಸು ತಂದ. ಎರಡನೆಯ ಸಲ ನಾನೂ ಜೊತೆಗಿದ್ದೆ. ಬಲೆ ಸರಿಮಾಡುತ್ತಿದ್ದ ನಾಡದೋಣಿಯವರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ, 'ದೋಣಿಗೆ ಪೇಟೆ ತೋರ್ಸುಕ್ ಕರ್ಕಂಡ್ ಬಂದದ್ದಾ?' ಎಂದು ನಕ್ಕರು. ನಾವೂ ನಕ್ಕೆವು. ಆಮೇಲೆ ಅವರು ಇನ್ನಿಬ್ಬರೊಡನೆ ತಮ್ಮ ದೋಣಿ ತಳ್ಳಿ, ನಾವು ಬೇಡವೆಂದ ಅದೇ ಅಳಿವೆಯನ್ನು ದಾಟಿ ಹೋದರು. ಅವರ ದೋಣಿಗೂ ಎಂಜಿನ್ನಿಗೂ ಬಲೆಗೂ ಸಾಲವಿದೆ, ಮಗಳ ಕಾಲೇಜಿನ ಫೀಸೂ ಇದೆ. ಅವರಿಗೆ ಕಡಲು ನನ್ನ ಅಕ್ಕನ ಮಗನಿಗಿಂತ ನೂರುಪಾಲು ಚೆನ್ನಾಗಿ ಗೊತ್ತು. 'ಇವತ್ತು ಬೇಡ' ಎಂಬ ಮಾತನ್ನು ಕೊಳ್ಳುವಷ್ಟು ಹಣ ಮಾತ್ರ ಇಲ್ಲ. ಕ್ಲಿಫರ್ಡ್ ತನ್ನ ಮಾಲೀಕನಿಗೆ ಹೇಳಿದ್ದನ್ನು ಇವರಿಗೆ ಹೇಳಲು ನನಗೆ ಬಾಯಿ ಬಾರದು. ಅವರಿಗೆ ಸಾಲ ಕೊಟ್ಟು ಮಾಳಿಗೆಯ ಮೇಲೆ ಕೂತವರಿಗೆ ಹೇಳಬಹುದೇನೋ.

ಆ ದಿನ ಅವರು ಮಧ್ಯಾಹ್ನ ಎರಡರ ಹೊತ್ತಿಗೆ ಮರಳಿದರು ಎಂದು ಆಮೇಲೆ ತಿಳಿಯಿತು. ಒಂದು ಬುಟ್ಟಿ ಬಂಗುಡೆ ಸಿಕ್ಕಿತ್ತಂತೆ.