ಹಳೆಯ ಗಾಡಿ ಹತ್ತಿದವರ ತಪ್ಪು

ಶಿರಾಡಿ ಘಾಟಿಯಲ್ಲಿ ಮನೆಸಾಮಾನು ಹೇರಿದ ಹಳೆಯ ಲಾರಿಯೊಂದು ಎಂಜಿನ್ ಕಾದು, ಹಬೆಯಾಡುತ್ತ ನಿಂತಿದ್ದರೆ ಹಾದುಹೋಗುವವರ ಬಾಯಿಗೆ ಮೊದಲು ಬರುವ ಮಾತು ಒಂದೇ: ‘ಇಂಥ ಗಾಡಿ ನಂಬ್ಕೊಂಡು ಇಷ್ಟು ದೂರ ಯಾಕೆ ಹೊರಟ್ರಿ?’ ಕೇಳುವವರು ಮರುಕದಿಂದಲೇ ಕೇಳುತ್ತಾರೆ. ಆದರೂ ಅದರೊಳಗೊಂದು ತೀರ್ಪಿದೆ. ಗಾಡಿ ಕೆಟ್ಟದ್ದು ಯಂತ್ರದ ಪಾಡು, ಅದನ್ನು ನಂಬಿ ಹೊರಟದ್ದು ಮಾತ್ರ ನಿಮ್ಮ ತಪ್ಪು ಎಂಬ ತೀರ್ಪು. ಇದು ನ್ಯಾಯವೇ?

ನಂಬುವುದೂ ತಪ್ಪಾಗಬಹುದೇ ಎಂಬ ಪ್ರಶ್ನೆಯನ್ನು ಬಲು ಕಟ್ಟುನಿಟ್ಟಾಗಿ ಕೇಳಿದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕಿಂಗ್‌ಡನ್ ಕ್ಲಿಫರ್ಡ್. ನಂಬಿಕೆಯ ನೀತಿಯನ್ನು ಕುರಿತು 1877ರಲ್ಲಿ ಅವನು ಪ್ರಕಟಿಸಿದ ಪ್ರಬಂಧ ಶುರುವಾಗುವುದೇ ಒಂದು ಹಳೆಯ ಹಡಗಿನಿಂದ. ಹೊಸ ನಾಡಿಗೆ ಹೊರಟ ಕುಟುಂಬಗಳನ್ನು ಅದು ಹೊರಬೇಕು. ಮಾಲೀಕನಿಗೆ ಅನುಮಾನವಿದೆ, ರಿಪೇರಿಗೆ ಹಣ ಬೇಕು. ಇಷ್ಟು ಸಲ ಹೋಗಿಬಂದ ಹಡಗು ಈ ಸಲವೂ ಬಂದೀತು, ದೇವರು ಕಾಯುತ್ತಾನೆ ಎಂದು ಅವನು ಮನಸ್ಸನ್ನು ಒಪ್ಪಿಸಿಕೊಳ್ಳುತ್ತಾನೆ. ಹಡಗು ನಡುಗಡಲಲ್ಲಿ ಮುಳುಗುತ್ತದೆ, ಮಾಲೀಕ ವಿಮೆಯ ಹಣ ಎಣಿಸುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವೇ ಆಗಿದ್ದರೂ ಅವನು ಅಪರಾಧಿ ಎನ್ನುತ್ತಾನೆ ಕ್ಲಿಫರ್ಡ್. ಅಷ್ಟಕ್ಕೇ ಬಿಡುವುದಿಲ್ಲ: ಹಡಗು ಸುಖವಾಗಿ ದಡ ಸೇರಿದ್ದರೂ ಅಪರಾಧ ಕೂದಲೆಳೆಯಷ್ಟೂ ಕಡಿಮೆಯಾಗದು. ಪರೀಕ್ಷಿಸಿ ಪಡೆಯದ ನಂಬಿಕೆಗೆ ಅವನಿಗೆ ಹಕ್ಕೇ ಇರಲಿಲ್ಲ. 1870ರಲ್ಲಿ ಗ್ರಹಣ ನೋಡಲು ಸಿಸಿಲಿಗೆ ಹೊರಟಿದ್ದ ತಂಡದಲ್ಲಿ ಸ್ವತಃ ಹಡಗು ಒಡೆದು ಬದುಕಿ ಬಂದವನು ಈ ಮಾತನ್ನು ಹೇಳಿದ್ದು.

ಮಾಲೀಕನ ಮಟ್ಟಿಗೆ ಈ ತೀರ್ಪನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದನ್ನೇ ಎತ್ತಿ ಪ್ರಯಾಣಿಕನ ತಲೆಗೆ ಕಟ್ಟುವುದನ್ನು ಒಪ್ಪಲಾರೆ. ಆ ಕಥೆಯಲ್ಲಿ ನಂಬಿದವನು ಒಬ್ಬ, ಮುಳುಗಿದವರು ಬೇರೆ. ಹಡಗನ್ನು ನಿಲ್ಲಿಸಿದ್ದರೆ ಮಾಲೀಕನಿಗೆ ಹೋಗುತ್ತಿದ್ದುದು ಹಣ ಮಾತ್ರ. ನಿಂತರೂ ಕೇಡು, ಹೊರಟರೂ ಕೇಡು ಎನ್ನುವವನ ಸ್ಥಿತಿ ಬೇರೆ.

1930ರ ದಶಕದ ಅಮೆರಿಕದಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದರು. ಬರ, ಧೂಳಿನ ಬಿರುಗಾಳಿ, ಸಾಲ, ಕೈತಪ್ಪಿದ ಗೇಣಿ ಎಲ್ಲ ಸೇರಿ ಒಕ್ಲಹೋಮದಂಥ ರಾಜ್ಯಗಳ ರೈತರನ್ನು ಎಬ್ಬಿಸಿ, ರೂಟ್ 66 ಹೆದ್ದಾರಿಯ ಮೇಲೆ ಕ್ಯಾಲಿಫೋರ್ನಿಯಾ ಕಡೆಗೆ ಅಟ್ಟಿದವು. ಹಾಸಿಗೆ, ಒಲೆ, ಮಕ್ಕಳು, ಎಲ್ಲವೂ ಹಳೆಯ ಕಾರು, ಲಾರಿಗಳ ಮೇಲೆ. 1927ಕ್ಕೇ ತಯಾರಿಕೆ ನಿಂತಿದ್ದ ಫೋರ್ಡ್ ಮಾಡೆಲ್ ಟಿ ಕಾರುಗಳೂ ಆ ಸಾಲಿನಲ್ಲಿದ್ದವು. ಆ ಕಾರಿನ ಎಂಜಿನ್ನಿಗೆ ನೀರು ತಳ್ಳುವ ಪಂಪು ಇರಲಿಲ್ಲ. ಬಿಸಿನೀರು ತಾನಾಗಿ ಮೇಲೇರಿ, ತಣಿದು ಕೆಳಗಿಳಿಯಬೇಕು. ಹಾಗಾಗಿ ಏರಿನಲ್ಲಿ ಬೇಗ ಕುದಿಯುತ್ತಿತ್ತು. ಪೆಟ್ರೋಲೂ ಟ್ಯಾಂಕಿನಿಂದ ಇಳಿಜಾರಿಗೆ ಹರಿದೇ ಎಂಜಿನ್ ಸೇರಬೇಕಾದ್ದರಿಂದ ಕಡಿದಾದ ಏರಿನಲ್ಲಿ ಅದು ಎಷ್ಟೋ ಸಲ ಮುಟ್ಟುತ್ತಿರಲಿಲ್ಲ. ಬಲ್ಲವರು ಏನು ಮಾಡುತ್ತಿದ್ದರು? ಗಾಡಿಯನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ, ಹಿಮ್ಮುಖವಾಗಿ ಬೆಟ್ಟ ಹತ್ತುತ್ತಿದ್ದರು! ಮರುಭೂಮಿ ದಾಟುವವರು ನೀರು ತುಂಬಿದ ದಪ್ಪ ಬಟ್ಟೆಯ ಚೀಲವನ್ನು ಗಾಡಿಯ ಹೊರಗೆ ನೇತುಹಾಕಿಕೊಳ್ಳುತ್ತಿದ್ದರು.

ಇಂಥವರನ್ನು ‘ಕುರುಡಾಗಿ ನಂಬಿ ಹೊರಟವರು’ ಎನ್ನುವುದು ಹೇಗೆ? ಗಾಡಿ ಕೈಕೊಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ನೀರಿನ ಚೀಲ ಅವರ ಅನುಮಾನವೇ. ಅದನ್ನು ಮನೆಯಲ್ಲಿ ಬಿಟ್ಟು ಬರದೆ ಜೊತೆಗೇ ಹೇರಿಕೊಂಡು ಬಂದಿದ್ದರು. ಅನುಮಾನವಿದ್ದವನು ಹೊರಡಬಾರದು, ಹೊರಟವನಿಗೆ ಅನುಮಾನವಿರಲಿಲ್ಲ ಎಂಬ ನಮ್ಮ ಲೆಕ್ಕವೇ ತಪ್ಪು. ಕ್ಲಿಫರ್ಡ್ ಕೂಡ ಹಾಗೆ ಹೇಳಿರಲಿಲ್ಲ. ನಂಬಲು ಸಾಕಾಗುವಷ್ಟು ಆಧಾರವಿಲ್ಲದಿದ್ದಾಗಲೂ ಸಂಭವವನ್ನು ಅಳೆದು ಕಾರ್ಯಕ್ಕಿಳಿಯುವುದು ಎಷ್ಟೋ ಸಲ ಕರ್ತವ್ಯವಾಗುತ್ತದೆ ಎಂದು ಅದೇ ಪ್ರಬಂಧದಲ್ಲಿ ಅವನು ಒಪ್ಪುತ್ತಾನೆ. ಹಡಗಿನ ಕಥೆಯ ಅಬ್ಬರದಲ್ಲಿ ಓದುಗರು ಈ ಮಾತನ್ನು ಮರೆಯುತ್ತಾರೆ.

ಮಕ್ಕಳ ಮಾತೇನು ಎಂದು ಕೇಳಬಹುದು. ಲಾರಿಯ ಮೇಲೆ ಕೂತ ಮಗುವನ್ನು ಯಾರೂ ಕೇಳಿ ಹತ್ತಿಸಿರುವುದಿಲ್ಲ. ಆ ಮಗುವಿನ ಮುಂದೆ ತಂದೆಯೂ ಹಡಗಿನ ಮಾಲೀಕನಂತೆಯೇ ಹೊಣೆಗಾರ, ನಿಜ. ಆದರೆ ಉಳಿದಿದ್ದರೆ ಅದೇ ಮಗು ಧೂಳು ಕುಡಿದು ಹಸಿದಿರಬೇಕಿತ್ತು. ಎರಡು ಕೇಡುಗಳ ನಡುವೆ ನಿಂತವನಿಂದ ನಾವು ಕೇಳಬಹುದಾದದ್ದು ಎಚ್ಚರ ಮಾತ್ರ. ಗಟ್ಟಿ ಗಾಡಿ ಎಲ್ಲಿ ಎಂದು ಕೇಳಿದರೆ ಅದು ಅವನ ಬಡತನವನ್ನೇ ಅಪರಾಧ ಮಾಡಿದಂತೆ. ಈ ತಪ್ಪು ರಸ್ತೆಬದಿಯ ಮಾತಿಗಷ್ಟೇ ಸೀಮಿತವೂ ಅಲ್ಲ. 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಕ್ಯಾಲಿಫೋರ್ನಿಯಾದ ಗಡಿಗಳಲ್ಲಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ಹಿಂದಕ್ಕೆ ಕಳಿಸಿದರು. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧವೆಂಬ ಕಾನೂನು ಅಲ್ಲಿತ್ತು. ಅದನ್ನು ಸುಪ್ರೀಂ ಕೋರ್ಟು ಹೊಡೆದುಹಾಕಿದ್ದು 1941ರಲ್ಲಿ.

ನಮ್ಮಲ್ಲಿ ಎಂಟು ವರ್ಷ ದಾಟಿದ ಲಾರಿ ಪ್ರತಿವರ್ಷ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ಮಾಲೀಕನ ನಂಬಿಕೆಯೊಂದನ್ನೇ ಕಾನೂನು ನೆಚ್ಚಿಕೊಂಡಿಲ್ಲ, ಅದು ಸರಿಯೇ. ಆದರೆ ಎಫ್.ಸಿ. ಹೇಳುವುದು ಪರೀಕ್ಷೆಯ ದಿನದ ಮಾತು. ಭಾರ ಹೇರಿದರೆ ಘಾಟಿಯ ಯಾವ ತಿರುವಿನಲ್ಲಿ ಈ ಎಂಜಿನ್ ಕುದಿಯುತ್ತದೆ ಎಂಬುದು ಡ್ರೈವರಿಗೂ ಮಾಲೀಕನಿಗೂ ಗೊತ್ತು, ಬಾಡಿಗೆ ಕೊಡುವ ಕುಟುಂಬಕ್ಕೆ ಗೊತ್ತಿಲ್ಲ. ಆ ವಿಷಯವನ್ನು ಸಾಮಾನು ಹೇರುವ ಮೊದಲೇ ಆ ಕುಟುಂಬಕ್ಕೆ ಹೇಳಬೇಕು. ಹೇಳದೆ ಮುಂಗಡ ಎಣಿಸಿಕೊಂಡವನೇ ತಪ್ಪಿತಸ್ಥ, ಲಾರಿ ಸುಖವಾಗಿ ಊರು ಮುಟ್ಟಿದರೂ.