ಕರೆಂಟ್ ಬಂದರೆ ಸಾಕೆ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದೇ ಸೀಮೆಯ ಮದ್ದೂರು, ಮಂಡ್ಯದ ವರ್ಕ್‌ಶಾಪುಗಳಲ್ಲಿ ಕರೆಂಟ್ ಇಂದಿಗೂ ಹೋಗಿ ಬರುತ್ತದೆ.

ಹಳೆಯ ಲೇತಿನ ಹಸಿರು ಗುಂಡಿ ಒತ್ತಿದರೆ ಕಾಂಟ್ಯಾಕ್ಟರ್ ತನ್ನದೇ ಒಂದು ಸಂಪರ್ಕದಿಂದ ತನ್ನನ್ನು ಹಿಡಿದುಕೊಳ್ಳುತ್ತದೆ. ಕರೆಂಟ್ ಹೋದರೆ ಬಿಟ್ಟುಬಿಡುತ್ತದೆ. ಕರೆಂಟ್ ಮರಳಿದರೂ ಯಾರಾದರೂ ಒತ್ತುವವರೆಗೆ ಮೋಟಾರು ಅಲುಗದು. ಆ ಸಂಪರ್ಕ ಸವೆದರೆ ಗುಂಡಿ ಬಿಟ್ಟೊಡನೆ ಯಂತ್ರ ನಿಲ್ಲುತ್ತದೆ. ಆಗ ಗುಂಡಿಯನ್ನೇ ತಪ್ಪಿಸಿ ನೇರ ಸ್ವಿಚ್ ಹಾಕುವುದು ಸುಲಭ, ಅಗ್ಗ. ಆದರೆ ಕರೆಂಟ್ ಮರಳಿದ ಕ್ಷಣ ಚಕ್ಕಿನಲ್ಲಿ ಕೈಯಿಟ್ಟವನ ಗತಿ?

‘ಅವನಿಗೆ ಹೇಳಿದ್ದೇವೆ, ಒಪ್ಪಿದ್ದಾನೆ’ ಎಂಬ ಉತ್ತರ ನೀತಿಶಾಸ್ತ್ರ ಓದುವ ನನಗೆ ಸಾಲದು. ದಿನಗೂಲಿಯವನ ಒಪ್ಪಿಗೆಯಲ್ಲಿ ಹಸಿವಿನ ಪಾಲೂ ಇರುತ್ತದೆ. ಹೊಸ ಕಾಂಟ್ಯಾಕ್ಟರ್ ಬರುವವರೆಗೆ ಯಂತ್ರ ನಿಂತಿರಲಿ ಎನ್ನುವವನೇ ನನ್ನ ಮಟ್ಟಿಗೆ ಒಳ್ಳೆಯ ಮೆಕ್ಯಾನಿಕ್. ನಿಂತ ದಿನದ ಕೂಲಿಯನ್ನು ಮಾಲೀಕನೇ ಕೊಡಬೇಕು.